ಬ್ರೇಕ್ ಪೈಪಿಗೊಂದು ಹೊಸ ದಾರಿ

ಹಳೇ ಕಾರಿನ ತಳದಲ್ಲಿ ಕಣ್ಣಿಗೆ ಬೀಳದಂತೆ ಓಡುವ ಸಣ್ಣ ಪೈಪು ತೂತಾದರೆ ಮನೆಯಂಗಳದಲ್ಲೇ ಬದಲಿಸಬಹುದು. ಆದರೆ ಹಳೇ ಹಾದಿಯಲ್ಲೇ ಹೊಸ ಪೈಪು ಹಾಕಿದರೆ ಹಳೇ ರೋಗವನ್ನೇ ಮತ್ತೆ ಕರೆದು ಕೂರಿಸಿದ ಹಾಗೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಪೇಟೆಯೊಳಗೇ ನೀರು ನುಗ್ಗಿತು. ನೀರು ಇಳಿದ ಮೇಲೆ ಜನ ಕಾರುಗಳನ್ನು ತಳ್ಳಿ ಹೊರಗೆ ತಂದರು, ಸೀಟು ಕಿತ್ತು ಬಿಸಿಲಿಗೆ ಹಾಕಿದರು, ಎಂಜಿನ್ ಆಯಿಲ್ ಬದಲಿಸಿದರು, ಸ್ಟಾರ್ಟರ್ ಬಿಚ್ಚಿ ಒಣಗಿಸಿದರು. ಎಂಜಿನ್ ಗುರ್ ಅಂದರೆ ಕಾರು ಬದುಕಿತು ಅಂತ ಲೆಕ್ಕ. ತಳಕ್ಕೆ ಬಗ್ಗಿ ನೋಡಿದವರು ಕಡಿಮೆ. ಬ್ರೇಕ್ ಪೈಪನ್ನು ಹಿಡಿದಿರುವ ಕ್ಲಿಪ್ಪುಗಳೊಳಗೆ ಹೊಕ್ಕ ಕೆಸರು ಅಲ್ಲೇ ಕೂತಿತು. ಎಂಜಿನ್ನಿಗೆ ಪೆಟ್ಟು ಬಿದ್ದರೆ ಅದು ಅವತ್ತೇ ಹೇಳುತ್ತದೆ. ಬ್ರೇಕ್ ಪೈಪು ಹೇಳುವುದಕ್ಕೆ ವರ್ಷಗಳೇ ಬೇಕು, ಹೇಳುವ ದಿನ ಕಾಲಡಿಯ ಪೆಡಲ್ ಸೀದಾ ನೆಲ ಮುಟ್ಟಿರುತ್ತದೆ.

ಉಪ್ಪು ಬರುವ ದಾರಿ

ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಬ್ರೇಕ್ ಪೈಪು ಜಂಗು ತಿಂದು ಹೋಗುವುದು ಮಾಮೂಲು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹಿಮವಿಲ್ಲ, ಉಪ್ಪಿಗೇನೂ ಬರವಿಲ್ಲ. ಕಬ್ಬಿಗೆ ಹಾಕುವ ಪೊಟ್ಯಾಶ್ ಗೊಬ್ಬರ ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಸೊಸೈಟಿಯಿಂದ ಎರಡು ಚೀಲ ಓಮ್ನಿಯ ಹಿಂದೆ ಹೇರಿಕೊಂಡು ಬರುವುದು ಇಲ್ಲಿ ದಿನದ ಮಾತು. ಸೋರಿದ ಕಾಳು ಮ್ಯಾಟಿನಡಿ ಸೇರಿ, ತಳದ ರಬ್ಬರ್ ಬೂಚಿನ ಸಂದಿಯಿಂದ ಕೆಳಗಿಳಿದು, ಮೊದಲ ಮಳೆಗೆ ಕರಗಿ ಪೈಪಿಗೆ ಅಂಟುತ್ತದೆ. ಇದರ ಮೇಲೆ ಎರೆಮಣ್ಣು. ಒಮ್ಮೆ ಮೆತ್ತಿಕೊಂಡರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಹಸಿ ಹಿಡಿದಿರುವ ಮಣ್ಣು ಅದು. ಇನ್ನು ಕೊಂಕಣ ಪಟ್ಟಿಯಿಂದ, ಗೋವಾ ಪಾಸಿಂಗಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದವರಿಗೆ ಸಮುದ್ರದ ಗಾಳಿ ತಿಂದ ಪೈಪು ಬಳುವಳಿಯಾಗಿ ಬಂದಿರುತ್ತದೆ.

ಹಳೇ ಕಾರುಗಳಿಗೂ ಇಲ್ಲಿ ಕೊರತೆಯಿಲ್ಲ. ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತದ್ದು 2014ರಲ್ಲಿ. 2010ರ ಏಪ್ರಿಲ್‌ನಲ್ಲಿ ಬಿಎಸ್-4 ನಿಯಮ ಬಂದ ದೊಡ್ಡ ನಗರಗಳಲ್ಲಿ 800ರ ಮಾರಾಟ ನಿಂತರೂ ಸಣ್ಣ ಊರುಗಳಲ್ಲಿ ಮುಂದುವರಿದಿತ್ತು. ಹಾಗಾಗಿ ಕೆಎ-49 ಅಂದರೆ ಗೋಕಾಕ ಪಾಸಿಂಗಿನ, ಕೆಎ-23 ಅಂದರೆ ಚಿಕ್ಕೋಡಿ ಪಾಸಿಂಗಿನ 800ಗಳು ಇಂದಿಗೂ ಹೊಲದ ದಾರಿಯಲ್ಲಿ, ಸಂತೆಯಲ್ಲಿ ಸಿಗುತ್ತವೆ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಯಿಂದ 5,000ಕ್ಕೆ ಏರಿತು. ಅಷ್ಟು ಕಟ್ಟಿ ಐದು ವರ್ಷದ ಆಯುಷ್ಯ ಪಡೆದ ಗಾಡಿಯನ್ನು ಒಂದು ಪೈಪಿನ ನೆವಕ್ಕೆ ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರದು. ಅಂಗಳದಲ್ಲಿ ಜ್ಯಾಕ್ ಏರುವುದು ಹೀಗೆ.

ಆರು ಜಲಪಾತದ ಒತ್ತಡ

ಗೋಕಾಕ ಜಲಪಾತದ ಎತ್ತರ 52 ಮೀಟರ್. ಬೀಳುವ ನೀರಿನ ಬಲದಿಂದಲೇ ಗಿರಣಿ ನಡೆಸಿದ ಊರು ಇದು. ಗೋಕಾಕ ಮಿಲ್ ಸ್ಥಾಪನೆಯಾದದ್ದು 1885ರಲ್ಲಿ. ಅಷ್ಟೆತ್ತರದ ನೀರನ್ನು ಪೈಪಿನಲ್ಲಿ ನಿಲ್ಲಿಸಿದರೆ ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 5 ಕೆಜಿ ಒತ್ತಡ ಬೀಳುತ್ತದೆ. ಈಗ ಕಾರಿನ ಲೆಕ್ಕ ನೋಡಿ. ಕಾಲು 25 ಕೆಜಿ ಬಲದಿಂದ ಪೆಡಲ್ ತುಳಿಯಿತು ಅನ್ನೋಣ. ಪೆಡಲ್ಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 100 ಕೆಜಿ ಬೀಳುತ್ತದೆ. ಪಿಸ್ಟನ್ನಿನ ಮುಖ 3 ಚದರ ಸೆಂಟಿಮೀಟರ್ ಇದ್ದರೆ ಬ್ರೇಕ್ ಆಯಿಲ್ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 33 ಕೆಜಿ. ಆರು ಗೋಕಾಕ ಜಲಪಾತಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಇದಕ್ಕೆ ತುಸು ಕಡಿಮೆಯೇ. ಎಮ್ಮೆ ಅಡ್ಡ ಬಂದು, ಇದ್ದಬದ್ದ ಬಲವೆಲ್ಲ ಹಾಕಿ ತುಳಿದರೆ ಇದೂ ದುಪ್ಪಟ್ಟಾಗುತ್ತದೆ.

ಇಷ್ಟನ್ನು ಹೊರುವ ಪೈಪಿನ ಹೊರ ಅಳತೆ ಸಾಮಾನ್ಯವಾಗಿ 4.75 ಮಿಲಿಮೀಟರ್, ಗೋಡೆಯ ದಪ್ಪ ಸುಮಾರು 0.7 ಮಿಲಿಮೀಟರ್. ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ, ನಡುವೆ ತಾಮ್ರದ ಬೆಸುಗೆ ಹಾಕಿ ಮಾಡಿದ್ದು. ಹೊರಗೆ ತುಕ್ಕು ತಡೆಯುವ ಲೇಪ. ಆ ಲೇಪ ಎದ್ದ ಜಾಗದಲ್ಲಿ ಜಂಗಿಗೆ ತಿನ್ನಲು ಇರುವುದು ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ ಉಕ್ಕು.

ಅಮೆರಿಕದಲ್ಲಿ 1921ರ ಡ್ಯೂಸೆನ್‌ಬರ್ಗ್ ಕಾರಿನಿಂದ ನಾಲ್ಕೂ ಗಾಲಿಗೆ ಹೈಡ್ರಾಲಿಕ್ ಬ್ರೇಕ್ ಬಂತು. ಬಹಳ ಕಾಲ ಇಡೀ ಕಾರಿಗೆ ಒಂದೇ ಸಾಲು. ಎಲ್ಲಿ ತೂತಾದರೂ ನಾಲ್ಕೂ ಗಾಲಿ ಕೈಬಿಟ್ಟವೇ. ನಮ್ಮ ಮೊದಮೊದಲ ಅಂಬಾಸಿಡರುಗಳೂ ಹಾಗೇ ಇದ್ದವು. ಅಮೆರಿಕದಲ್ಲಿ 1968ರಿಂದ ಎರಡು ಬೇರೆ ಸಾಲು ಕಡ್ಡಾಯವಾಯಿತು. ಮಾರುತಿ 800ರಲ್ಲೂ ಸಾಲು ಎರಡು, ಒಂದು ಹೋದರೆ ಇನ್ನೊಂದು ಅರೆಬರೆಯಾಗಿಯಾದರೂ ನಿಲ್ಲಿಸುತ್ತದೆ. ಆದರೆ ಮೂಡಲಗಿ, ಗುರ್ಲಾಪುರ ಕ್ರಾಸ್ ಕಡೆ ಹಂಗಾಮಿನ ರಾತ್ರಿ ಗಾಡಿ ಓಡಿಸಿದವರಿಗೆ ಈ ಅರೆಬರೆಯ ಬೆಲೆ ಗೊತ್ತು. ಹಿಂದೆ ಕೆಂಪು ದೀಪವೂ ಇಲ್ಲದ, ಮೈತುಂಬ ಕಬ್ಬು ಹೇರಿದ ಜೋಡಿ ಟ್ರೇಲರ್ ದಿಢೀರನೆ ಎದುರಿಗೆ ಕಂಡಾಗ ಬೇಕಾದದ್ದು ಇಡೀ ಬ್ರೇಕು.

ಕ್ಲಿಪ್ಪಿನ ಹಿಂದೆ

ಪೈಪು ಎಲ್ಲೆಂದರಲ್ಲಿ ಕೊಳೆಯುವುದಿಲ್ಲ. ಹುಕ್ಕೇರಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಇನ್ನೂ ಓಡುತ್ತಿರುವ 800ರ ಹಿಂದಿನ ಸಾಲು ಬಿಚ್ಚಿದಾಗ ಕಂಡದ್ದು ಇದು. ಬಯಲಲ್ಲಿ ಓಡುವ ಭಾಗ ಧೂಳು ಒರೆಸಿದರೆ ಇನ್ನೂ ನುಣುಪಾಗಿಯೇ ಇತ್ತು. ಕ್ಲಿಪ್ಪು ಬಿಡಿಸಿದ ಕೂಡಲೇ ಉಗುರಗಲದ ಕಂದು ಪಟ್ಟಿ. ಉಗುರಿನಿಂದ ಕೆರೆದರೆ ಜಂಗು ಹಪ್ಪಳದ ಚೂರಿನ ಹಾಗೆ ಎದ್ದು ಬಂತು, ಅದರ ಕೆಳಗೆ ಉಕ್ಕು ಸೂಜಿಮೊನೆಯಷ್ಟು ಒದ್ದೆ. ಇನ್ನೊಂದು ಕಡೆ, ಪೆಟ್ರೋಲ್ ಟ್ಯಾಂಕಿನ ಮೇಲುಗಡೆ ಹಾದು ಹೋಗುವಲ್ಲಿ, ಕೈ ಹೋಗದ, ನೀರು ಬಿಡಲಾಗದ, ಕಣ್ಣಿಗೂ ಕಾಣದ ಜಾಗದಲ್ಲಿ ಪೈಪಿನ ಮೈಯೆಲ್ಲ ಹುಣ್ಣು. ಕೊಳೆತದ್ದು ಎರಡೇ ಕಡೆ: ಮಣ್ಣು ಸಿಕ್ಕಿಬೀಳುವಲ್ಲಿ, ಮತ್ತು ಯಾರೂ ತೊಳೆಯದಲ್ಲಿ.

ಇದಕ್ಕೆ ಕಾರಣ ಕಾರ್ಖಾನೆಯ ಕ್ರಮ. ಅಲ್ಲಿ ಖಾಲಿ ಬಾಡಿಗೆ ಮೊದಲು ಪೈಪು ಜೋಡಿಸುತ್ತಾರೆ, ಆಮೇಲೆ ಟ್ಯಾಂಕು, ಆಕ್ಸಲ್, ಸೈಲೆನ್ಸರ್ ಒಂದೊಂದಾಗಿ ಕೆಳಗಿನಿಂದ ಏರುತ್ತವೆ. ಹೊಸ ಕಾರಿಗೆ ಅದು ಸರಿಯಾದ ಕ್ರಮವೇ, ಪೈಪು ಕಲ್ಲೇಟಿನಿಂದ ಮರೆಯಾಗಿರುತ್ತದೆ. ಇಪ್ಪತ್ತೈದು ವರ್ಷದ ಮೇಲೆ ಅದೇ ಹಾದಿಯಲ್ಲಿ ಹೊಸ ಪೈಪು ತೂರಿಸಬೇಕಾದರೆ ಟ್ಯಾಂಕು ಇಳಿಸಬೇಕು, ಜಂಗು ಹಿಡಿದ ಬೋಲ್ಟು ಮುರಿಯಬೇಕು. ಇಷ್ಟೆಲ್ಲ ಮಾಡಿ ಹಾಕಿದ ಪೈಪು ಮತ್ತೆ ಅದೇ ಮರೆಯಲ್ಲಿ ಕೊಳೆಯುತ್ತದೆ. ಮನೆಯಲ್ಲಿ ಮಾಡುವ ಕೆಲಸಕ್ಕೆ ಬೇರೆ ಹಾದಿ ಹುಡುಕುವುದೇ ಜಾಣತನ: ಬಗ್ಗಿದರೆ ಕಾಣುವ, ಕೈ ಹೋಗುವ, ಪೈಪಿನಿಂದ ನೀರು ಬಿಟ್ಟು ತೊಳೆಯಬಹುದಾದ ಹಾದಿ.

ಹಾದಿಗೂ ಕಾನೂನುಗಳಿವೆ

ಮೊದಲು ಹಾದಿಯನ್ನು ಮನೆಯ ವೈರಿಂಗಿನ ದಪ್ಪ ತಂತಿಯಿಂದ ಬರೆಯಬೇಕು. ತಂತಿಯನ್ನು ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಹೋಜ್ ಪೈಪಿನವರೆಗೆ ಬಗ್ಗಿಸುತ್ತ ಹೋಗಿ, ಬಿಚ್ಚಿ ಅಳೆದರೆ ಉದ್ದವೂ ಸಿಕ್ಕಿತು, ಬಾಗುಗಳ ನಕಲೂ ಸಿಕ್ಕಿತು. ಆಮೇಲೆ ನೋಡಬೇಕಾದದ್ದು ಹಲವು.

ಸೈಲೆನ್ಸರಿನ ಹತ್ತಿರ ಸುಳಿಯಬಾರದು, ಆದಷ್ಟೂ ಅದರ ಎದುರು ಬದಿ ಹಿಡಿಯಬೇಕು. ಬಿಸಿಗೆ ಆಯಿಲ್ ಕುದಿದರೆ ಪೈಪು ಹೊಸದಾಗಿದ್ದೂ ಪ್ರಯೋಜನವಿಲ್ಲ. ಜ್ಯಾಕ್ ಕೊಡುವ ಜಾಗದಲ್ಲಿ ಹಾಯಬಾರದು. ಬಾಡಿಯ ಅಡ್ಡಪಟ್ಟಿಗಿಂತ ಕೆಳಗೆ ಇಳಿಬೀಳಬಾರದು. ಹೊಲದ ದಾರಿಯ ನಡುದಿಬ್ಬ ಮೊದಲು ಮುಟ್ಟುವುದೇ ಅದನ್ನು. ಸ್ಟೀರಿಂಗ್, ಗಾಲಿ, ಸ್ಪ್ರಿಂಗು ಪೂರ್ತಿ ತಿರುಗಿದಾಗ, ಪೂರ್ತಿ ಕುಸಿದಾಗಲೂ ಮುಟ್ಟಬಾರದು. ಬಾಡಿಯಿಂದ ಆಕ್ಸಲ್‌ಗೆ ದಾಟುವಲ್ಲಿ ಉಕ್ಕಿನ ಪೈಪು ನಿಲ್ಲಬೇಕು, ರಬ್ಬರ್ ಹೋಜ್ ಶುರುವಾಗಬೇಕು, ಅಲ್ಲಿ ಅಲುಗಾಟ ಇದ್ದೇ ಇರುತ್ತದೆ. ಒಂದೊಂದು ಅಡಿಗೆ ಒಂದರಂತೆ ರಬ್ಬರ್ ಒಳಪದರದ ಕ್ಲಿಪ್ಪು ಬೇಕು. ಸಡಿಲಾದ ಪೈಪು ನಡುಗಿ ನಡುಗಿ ಸೀಳುತ್ತದೆ. ನಡುವೆ ಗುಡ್ಡದ ಹಾಗೆ ಏರಿ ಇಳಿಯುವ ಬಾಗು ಬೇಡ, ಅದರ ನೆತ್ತಿಯಲ್ಲಿ ಗಾಳಿ ಕೂತು ಬಿಡುತ್ತದೆ. ತೀರ ಚೂಪಾಗಿ ಮಡಿಚಿದರೆ ಪೈಪಿನ ಹೊಟ್ಟೆ ಚಪ್ಪಟೆಯಾಗುತ್ತದೆ, ಅದಕ್ಕೆ ಬೆಂಡರ್ ಇಲ್ಲದವರು ಸಣ್ಣ ಪುಲ್ಲಿಯ ಮೇಲೆ ಸುತ್ತಿ ಬಗ್ಗಿಸುವುದು ಲೇಸು.

ಕೆಲಸಕ್ಕೆ ಮುಂಚೆ ಕಾರು ಏರಿಸುವ ರೀತಿಯೂ ಮುಖ್ಯ. ಬರೇ ಜ್ಯಾಕ್ ನಂಬಿ, ಇಟ್ಟಂಗಿ, ಸಿಮೆಂಟ್ ಬ್ಲಾಕ್ ಒಟ್ಟಿ ಕೆಳಗೆ ನುಸುಳಬಾರದು. ಬ್ಲಾಕ್ ಬಿರುಕು ಬಿಡುವ ಮೊದಲು ಸೂಚನೆ ಕೊಡುವುದಿಲ್ಲ. ಉಕ್ಕಿನ ಸ್ಟ್ಯಾಂಡ್ ಬೇಕು, ಅದರ ಜೊತೆಗೆ ಬಿಚ್ಚಿದ ಗಾಲಿಗಳನ್ನು ಬಾಡಿಯ ಕೆಳಗೆ ತಳ್ಳಿಟ್ಟರೆ ಇನ್ನಷ್ಟು ಭದ್ರ.

ಕೈಗೆ ಸಿಗುವ ತಪ್ಪು ಸಾಮಾನು

ಇದು ಪೈಪು ಬಲ್ಲವರ ನಾಡು. ಪಂಪ್‌ಸೆಟ್, ಡ್ರಿಪ್, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಲ್ಲವನ್ನೂ ರೈತ ತಾನೇ ಬಿಚ್ಚಿ ಜೋಡಿಸುತ್ತಾನೆ. ಬೆಳಗಾವಿಯ ಉದ್ಯಮಬಾಗ ಹೈಡ್ರಾಲಿಕ್ ಬಿಡಿಭಾಗಗಳಿಗೆ ಹೆಸರಾದ ಜಾಗ. ಈ ಜಾಣ್ಮೆಯೇ ಬ್ರೇಕಿನ ವಿಷಯದಲ್ಲಿ ಅಡ್ಡದಾರಿ ಹಿಡಿಸುವುದುಂಟು. ಕೈಗೆ ಸಲೀಸಾಗಿ ಸಿಗುವ ಸಾಮಾನುಗಳಲ್ಲಿ ಮೂರು ಅಪಾಯದವು.

ಒಂದು, ಫ್ರಿಜ್ ಮತ್ತು ಎಸಿ ರಿಪೇರಿಯವರ ತಾಮ್ರದ ಪೈಪು. ಕೈಯಲ್ಲೇ ಬಗ್ಗುತ್ತದೆ, ನೋಡಲು ಚೆಂದ. ಆದರೆ ಮೆತ್ತಗಿನ ತಾಮ್ರ ನಡುಕಕ್ಕೆ ಸಿಕ್ಕಿ ಗಡುಸಾಗಿ ಬಿರುಕು ಬಿಡುತ್ತದೆ. ತಾಮ್ರಕ್ಕೆ ನಿಕ್ಕಲ್ ಬೆರೆಸಿದ, ಬ್ರೇಕಿಗೆಂದೇ ಮಾಡಿದ ಪೈಪು ಬೇರೆಯೇ ಜಾತಿ. ವೋಲ್ವೊ ಕಂಪನಿ 1976ರಿಂದ ಅದನ್ನು ಬಳಸಿತು, ಅದಕ್ಕೆ ಜಂಗಿನ ಹಂಗಿಲ್ಲ. ಅದು ಸಿಗದಿದ್ದರೆ ಲೇಪ ಹಾಕಿದ ಉಕ್ಕಿನ ಪೈಪೇ ಸರಿ.

ಎರಡು, ಜೆಸಿಬಿ, ಟ್ರ್ಯಾಕ್ಟರಿಗೆ ಅಂಗಡಿಯಲ್ಲಿ ಕ್ರಿಂಪ್ ಮಾಡಿಕೊಡುವ ಹೈಡ್ರಾಲಿಕ್ ಹೋಜ್. ಅದು ತಾಳುವ ಒತ್ತಡ ಬೇಕಾದ್ದಕ್ಕಿಂತ ಹೆಚ್ಚೇ. ಆದರೆ ಅದರ ಒಳಗಿನ ರಬ್ಬರು ಖನಿಜ ಎಣ್ಣೆಗೆಂದು ಮಾಡಿದ್ದು, ಬ್ರೇಕ್ ಆಯಿಲ್ ಅದನ್ನು ಹಾಳು ಮಾಡುತ್ತದೆ.

ಮೂರು, ಎಣ್ಣೆ. ಬ್ರೇಕ್ ಆಯಿಲ್ ಅನ್ನುವುದು ರೂಢಿಯ ಮಾತು, ಒಳಗಿರುವುದು ಗ್ಲೈಕಾಲ್ ಬಗೆಯ ದ್ರವ. ಆಯಿಲ್ ಕಡಿಮೆಯಾಗಿದೆ ಅಂತ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲನ್ನೋ ಎಂಜಿನ್ ಆಯಿಲನ್ನೋ ಡಬ್ಬಿಗೆ ಸುರಿದರೆ ಸಿಲಿಂಡರುಗಳ ರಬ್ಬರ್ ವಾಷರುಗಳೆಲ್ಲ ಉಬ್ಬಿ ಕೂರುತ್ತವೆ, ಆಮೇಲೆ ಇಡೀ ವ್ಯವಸ್ಥೆಯನ್ನೇ ಬಿಚ್ಚಬೇಕು. ಮುಚ್ಚಳದ ಮೇಲೆ ಡಾಟ್ 3 ಅಂತಿದ್ದರೆ ಅದನ್ನೇ ಹಾಕಬೇಕು. ಈ ದ್ರವ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ಕುದಿಯುವುದು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ನೀರು ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯಬಹುದು. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿ ಘಾಟು ಇಳಿಯುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರವೇ ಜೀವ. ಕುದಿದ ದ್ರವ ಆವಿಯಾದರೆ ಪೆಡಲ್ ಒತ್ತುವುದು ಆ ಆವಿಯನ್ನು ಮಾತ್ರ, ಗಾಲಿಯನ್ನಲ್ಲ. ನೀರು ಕುಡಿದ ದ್ರವ ಪೈಪನ್ನು ಒಳಗಿನಿಂದಲೂ ತಿನ್ನುತ್ತದೆ. ಪ್ರವಾಹದಲ್ಲಿ ಮುಳುಗಿದ ಕಾರಿನ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು ಅನ್ನುವುದು ಇದಕ್ಕೇ. ಡಬ್ಬಿಯ ಮುಚ್ಚಳದಲ್ಲಿ ಗಾಳಿಗೆಂದು ಬಿಟ್ಟ ಸಂದಿ ನೀರನ್ನೂ ಬಿಟ್ಟುಕೊಳ್ಳುತ್ತದೆ.

ಫ್ಲೇರ್ ಎಂಬ ಪರೀಕ್ಷೆ

ಪೈಪಿನ ತುದಿ ನಟ್ಟಿನೊಳಗೆ ಕೂರುವ ಜಾಗಕ್ಕೆ ಫ್ಲೇರ್ ಎನ್ನುತ್ತಾರೆ. ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಅಲ್ಲೇ. ಹ್ಯಾಕ್ಸಾದಿಂದ ಕೊಯ್ದರೆ ಅಂಚು ವಾರೆಯಾಗುತ್ತದೆ, ಪುಡಿ ಒಳಗೆ ಬೀಳುತ್ತದೆ. ಅದಕ್ಕೆ ಟ್ಯೂಬ್ ಕಟರ್. ಕೊಯ್ದ ಮೇಲೆ ಅಂಚಿನ ಕಚ್ಚನ್ನು ಒಳಗೂ ಹೊರಗೂ ಕೆರೆದು ತೆಗೆಯಬೇಕು. ಆಮೇಲೆ, ಮರೆಯದೆ, ನಟ್ಟನ್ನು ಪೈಪಿಗೆ ಮೊದಲೇ ಏರಿಸಬೇಕು. ಫ್ಲೇರ್ ಆದ ಮೇಲೆ ನಟ್ಟು ಒಳಗೆ ಹೋಗದು.

ಪೈಪನ್ನು ಫ್ಲೇರಿಂಗ್ ಟೂಲಿನ ಹಿಡಿಕೆಯಲ್ಲಿ ಕಚ್ಚಿಸಿ, ಅಳತೆಯ ಗುಂಡಿಯ ಅಂಚಿನಷ್ಟೇ ಎತ್ತರ ಹೊರಗೆ ಬಿಟ್ಟು, ಆ ಗುಂಡಿಯನ್ನು ತುದಿಗೆ ಇಟ್ಟು ಸ್ಕ್ರೂ ತಿರುವಿದಾಗ ಪೈಪಿನ ಬಾಯಿ ಮೊದಲು ಉಬ್ಬುತ್ತದೆ. ಗುಂಡಿ ತೆಗೆದು ಚೂಪು ತಲೆಯಿಂದ ಮತ್ತೆ ಒತ್ತಿದರೆ ಉಬ್ಬಿದ ಅಂಚು ಒಳಕ್ಕೆ ಮಡಿಚಿ ಎರಡು ಪದರವಾಗುತ್ತದೆ. ಇದು ಡಬಲ್ ಫ್ಲೇರ್. ಎಸಿಯವರು ಮಾಡುವುದು ಒಂದೇ ಪದರ, ಬ್ರೇಕಿಗೆ ಅದು ಸಲ್ಲದು. ಜಪಾನಿ ಮೂಲದ ಮಾರುತಿಯಲ್ಲಿ ಡಬಲ್ ಫ್ಲೇರೂ ಮೆಟ್ರಿಕ್ ಚೂಡಿಯೂ ಇರುತ್ತವೆ. ಇಂಗ್ಲಿಷ್ ಮೂಲದ ಅಂಬಾಸಿಡರಿನಲ್ಲಿ ಇಂಚಿನ ಚೂಡಿ. ಒಂದರ ನಟ್ಟು ಇನ್ನೊಂದಕ್ಕೆ ಒಂದೆರಡು ಸುತ್ತು ಏರಿದಂತೆ ಮಾಡಿ ಮೋಸ ಮಾಡುತ್ತದೆ. ಮಾಡಿದ ಫ್ಲೇರನ್ನು ಬೆಳಕಿಗೆ ಹಿಡಿದು ನೋಡಬೇಕು. ಸುತ್ತಲೂ ಒಂದೇ ಅಗಲ, ನಟ್ಟನಡುವೆ ತೂತು, ಕೂದಲೆಳೆಯ ಸೀಳೂ ಇಲ್ಲದಿದ್ದರೆ ಪಾಸು. ಇಲ್ಲದಿದ್ದರೆ ಕೊಯ್ದು ಮತ್ತೆ ಮಾಡಬೇಕು. ಕೈಗೆ ಅದು ಒಗ್ಗದಿದ್ದರೆ ನಾಚಿಕೆ ಬೇಡ: ಅಳತೆ ಮನೆಯಲ್ಲಿ ತೆಗೆದು, ತಂತಿಯ ಜೊತೆ ಹಳೇ ಪೈಪನ್ನೂ ಒಯ್ದು ಬೆಳಗಾವಿಯಲ್ಲೋ ಕೊಲ್ಹಾಪುರದಲ್ಲೋ ಫ್ಲೇರ್ ಸಮೇತ ಮಾಡಿಸಿ ತಂದರೂ ಅದು ಮನೆಗೆಲಸವೇ. ತೂತಾದ ಕಡೆಯಷ್ಟೇ ಕೊಯ್ದು, ತೋಳು ತೊಡಿಸಿ ಬೆಸುಗೆ ಹಾಕುವುದು ಮಾತ್ರ ಎಲ್ಲೂ ಬೇಡ.

"ಹಂಗ ಹಿಡಿ, ಬಿಡಬ್ಯಾಡ"

ಹೊಸ ಪೈಪು ಕೂತ ಮೇಲೆ ಒಳಗಿನ ಗಾಳಿ ತೆಗೆಯಬೇಕು. ಇದು ಇಬ್ಬರ ಕೆಲಸ. ನಮ್ಮಲ್ಲಿ ಗಾಲಿಯ ಬಳಿ ಕೂತವರು ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಕಾಕಾ, ಪೆಡಲ್ ಮೇಲೆ ಕಾಲಿಟ್ಟವನು ಅವರ ಅಣ್ಣನ ಮಗ. ಬಲಗಡೆ ಸ್ಟೀರಿಂಗಿನ ಕಾರಿನಲ್ಲಿ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ್ದು ಹಿಂದಿನ ಎಡಗಾಲಿ, ಸಾಮಾನ್ಯವಾಗಿ ಶುರುವಾಗುವುದು ಅಲ್ಲಿಂದ. ನಿಪ್ಪಲ್‌ಗೆ ಸಣ್ಣ ಪಾರದರ್ಶಕ ನಳಿಗೆ, ಅದರ ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು.

"ಒತ್ತು ತಮ್ಮಾ."

"ಒತ್ತೇನ್ರಿ ಕಾಕಾ."

"ಹಂಗ ಹಿಡಿ, ಬಿಡಬ್ಯಾಡ." ಪಾನಾ ಅರ್ಧ ಸುತ್ತು ತಿರುಗಿತು, ನಳಿಗೆಯಲ್ಲಿ ಗುಳ್ಳೆ ಸಾಲುಗಟ್ಟಿ ಓಡಿದವು.

"ಪೆಡಲ್ ತಳಕ್ಕ ಹೋತ್ರಿ!"

"ಹೋಗಲಿ. ನಾ ಬಂದ್ ಮಾಡೂತನಾ ಕಾಲ ತಗೀಬ್ಯಾಡ. ತಗದಿ ಅಂದ್ರ ಹೊರಗ ಹಾಕಿದ ಗಾಳಿ ತಿರುಗಿ ಒಳಗ ಬರ್ತೈತಿ... ಹ್ಞಾಂ, ಈಗ ಬಿಡು."

ಗುಳ್ಳೆ ನಿಂತು ಬರೀ ಆಯಿಲ್ ಬರುವವರೆಗೆ ಇದೇ ಮಾತು, ಇದೇ ಕ್ರಮ. ನಡುನಡುವೆ ಮೇಲಿನ ಡಬ್ಬಿ ತುಂಬಿಸುತ್ತಲೇ ಇರಬೇಕು, ಅದು ಬರಿದಾದರೆ ಮೊದಲಿನಿಂದ ಶುರು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಪೇಂಟು ಎದ್ದು ಬರುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು.

ನಂಬುವ ಮೊದಲು

ಪೆಡಲ್ ಗಟ್ಟಿಯಾಯಿತು ಅಂತ ರಸ್ತೆಗೆ ಇಳಿಯಬಾರದು. ಜೋಡಣೆಗಳನ್ನೆಲ್ಲ ಒಣಗಿದ ಬಟ್ಟೆಯಿಂದ ಒರೆಸಿ, ಪ್ರತಿಯೊಂದಕ್ಕೂ ಪೇಪರಿನ ಪಟ್ಟಿ ಸುತ್ತಬೇಕು. ಎಂಜಿನ್ ಚಾಲೂ ಇಟ್ಟು ಒಬ್ಬರು ಪೂರ್ತಿ ಬಲ ಹಾಕಿ ಪೆಡಲ್ ತುಳಿದು ಒಂದೆರಡು ನಿಮಿಷ ಹಿಡಿದಿರಬೇಕು. ಪೆಡಲ್ ಮೆಲ್ಲಗೆ ಇಳಿದರೂ, ಪೇಪರಿನ ಮೇಲೆ ಒದ್ದೆ ಚುಕ್ಕೆ ಕಂಡರೂ ಕೆಲಸ ಮುಗಿದಿಲ್ಲ. ಆಮೇಲೆ ಖಾಲಿ ದಾರಿಯಲ್ಲಿ ನಡಿಗೆಯ ವೇಗದಲ್ಲಿ, ಕೈ ಹ್ಯಾಂಡ್ ಬ್ರೇಕಿನ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮ ಕಾಲಿನ ಬ್ರೇಕು, ಕೈ ಬ್ರೇಕು ಎರಡೂ ಸ್ವತಂತ್ರವಾಗಿರಬೇಕು ಎನ್ನುವುದು ಇಂಥ ಹೊತ್ತಿಗೇ. ಹ್ಯಾಂಡ್ ಬ್ರೇಕಿನ ಕೇಬಲ್ ತುಂಡಾಗಿದ್ದರೆ ಮೊದಲು ಅದನ್ನು ಸರಿ ಮಾಡಬೇಕು. ಒಂದು ವಾರ ಓಡಿಸಿ ಮತ್ತೆ ಕೆಳಗೆ ಬಗ್ಗಿ ನೋಡಬೇಕು. ಎಬಿಎಸ್ ಇರುವ ಕಾರಾದರೆ ಇಷ್ಟೆಲ್ಲ ಓದಿದ ಮೇಲೂ ಗ್ಯಾರೇಜೇ ಗತಿ; ಅದರ ಗಾಳಿ ತೆಗೆಯಲು ಕೆಲವೊಮ್ಮೆ ಕಂಪ್ಯೂಟರ್ ಜೋಡಿಸಬೇಕಾಗುತ್ತದೆ.

ಹೊಸ ಹಾದಿಯ ಲಾಭ ಸಿಗುವುದು ಆ ಹಾದಿಯನ್ನು ಆಗಾಗ ನೋಡಿದರೆ ಮಾತ್ರ. ಇದಕ್ಕೆ ನಮ್ಮ ಸೀಮೆಯಲ್ಲಿ ಪಂಚಾಂಗವೇ ಒಂದು ದಿನ ಕೊಟ್ಟಿದೆ. ದಸರೆಯ ಖಂಡೇಪೂಜೆ ಬರುವುದು ಮಳೆ ಹಿಂದಾದ ಮೇಲೆ, ಕಬ್ಬಿನ ಟ್ರೇಲರುಗಳು ರಸ್ತೆಗಿಳಿಯುವ ಮುಂಚೆ. ಅವತ್ತು ಗಾಡಿಯ ಮೇಲ್ಮೈ ತೊಳೆದು ಹೂವು ಏರಿಸುವವರು ನೀರಿನ ಪೈಪಿನ ಬಾಯಿಯನ್ನು ತಳಕ್ಕೂ ತಿರುಗಿಸಿ, ಕ್ಲಿಪ್ಪುಗಳಲ್ಲಿ ಕೂತ ಮಣ್ಣು ಕಳೆದು, ಬ್ಯಾಟರಿ ಹಿಡಿದು ಒಂದು ಸಾಲು ಕಣ್ಣಾಡಿಸಿದರೆ ಸಾಕು. ಗಾಲಿಯಡಿ ಲಿಂಬೆಹಣ್ಣು ಇಡಲು ಹೇಗೂ ಬಗ್ಗಲೇಬೇಕಲ್ಲ.